ಹಗ್ಗಕ್ಕೆ ತಕ್ಕ ಹಿಡುಕ

ಅಂಗಡಿಯಲ್ಲಿ ಹಗ್ಗವೊಂದನ್ನು ಕೊಳ್ಳುವಾಗ ಅದರ ಚೀಟಿಯ ಮೇಲೆ ಒಂದು ಅಂಕೆ ಕಾಣುತ್ತದೆ. ಇಂತಿಷ್ಟು ಬಲಕ್ಕೆ ಮುಂಚೆ ಇದು ಕಡಿಯದು ಎಂಬುದು ಅದರ ಅರ್ಥ. ಹಗ್ಗವನ್ನು ಕಚ್ಚಿ ಹಿಡಿಯುವ ಲೋಹದ ಸಾಧನವನ್ನು ಕೊಂಡರೆ ಅದರ ಮೈಮೇಲೂ ಅಂಥದೇ ಇನ್ನೊಂದು ಅಂಕೆಯನ್ನು ಕೆತ್ತಿರುತ್ತಾರೆ. ಎರಡೂ ಮನುಷ್ಯನ ತೂಕಕ್ಕಿಂತ ಎಷ್ಟೋ ಪಾಲು ದೊಡ್ಡವು. ಗಟ್ಟಿಯಾದ ಎರಡು ವಸ್ತುಗಳನ್ನು ಕೊಂಡವನು ತನ್ನ ಪ್ರಾಣವನ್ನು ಗಟ್ಟಿಯಾದ ನೆಲೆಗೆ ಒಪ್ಪಿಸಿದೆನೆಂದು ನಂಬುವುದು ಸಹಜವೇ ಸರಿ. ಆದರೆ ಅವನನ್ನು ಎತ್ತರದಲ್ಲಿ ನಿಲ್ಲಿಸತಕ್ಕದ್ದು ಹಗ್ಗವೊಂದೇ ಅಲ್ಲ, ಸಾಧನವೊಂದೇ ಅಲ್ಲ. ಅವೆರಡರ ನಡುವಣ ಹಿಡಿತ. ಆ ಹಿಡಿತವನ್ನು ಯಾವ ಅಂಗಡಿಯೂ ಪೊಟ್ಟಣ ಕಟ್ಟಿ ಮಾರುವುದಿಲ್ಲ. ಅದು ಒಂದು ವಸ್ತುವಿನ ಗುಣವಲ್ಲ, ಒಂದು ಜೋಡಿಯ ಗುಣ. ಜೋಡಿ ಹೊಂದದಿದ್ದರೆ ಎರಡು ಗಟ್ಟಿ ವಸ್ತುಗಳು ಕೂಡಿ ಒಂದು ದುರ್ಬಲ ವಸ್ತುವಾಗಬಲ್ಲವು. ಈ ಸರಳ ಸಂಗತಿಯನ್ನು ಕೊಳ್ಳುವವರೂ ಮಾರುವವರೂ ಒಟ್ಟಿಗೆ ಮರೆಯುತ್ತಿದ್ದಾರೆಂಬುದೇ ನಮ್ಮ ಆಕ್ಷೇಪ.

ಇದನ್ನು ವಿವರಿಸಲು ನಾವು ದೂರದ ಒಂದು ದೇಶದ ಉದಾಹರಣೆಯನ್ನು ತೆಗೆದುಕೊಳ್ಳುತ್ತೇವೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡಲು ಪರವಾನಗಿಯೂ ಗೊತ್ತಾದ ಋತುವೂ ಉಂಟು. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆಯ ಬೇಟೆ ಅಪರಾಧ. ಆದುದರಿಂದ ಬೇಟೆಯ ಮಾತು ಇಲ್ಲಿ ನಮಗೆ ಬೇಡ, ಬೇಟೆಗಾರನು ಮರದಲ್ಲಿ ನೇತಾಡುವ ಬಗೆಯಷ್ಟೇ ಬೇಕು. ಬಿಲ್ಲು ಹಿಡಿದ ಬೇಟೆಗಾರನು ಐದಾರು ಮೀಟರು ಎತ್ತರದಲ್ಲಿ ಗಂಟೆಗಟ್ಟಲೆ ಕಾದು ಕೂರುತ್ತಾನೆ. ಇದಕ್ಕಾಗಿ ಹಿಂದಿನಿಂದಲೂ ಮರಕ್ಕೆ ಕಟ್ಟುವ ಅಟ್ಟಣೆಗಳಿದ್ದವು. ೨೦೧೦ರ ದಶಕದ ಕೊನೆಯಿಂದೀಚೆಗೆ ಅಟ್ಟಣೆಯ ಬದಲು ಜೀನು ಎಂಬ ಅರ್ಥದ ಹೆಸರುಳ್ಳ ಒಂದು ಪಟ್ಟಿಯ ಆಸನ ಬಹಳ ಬಳಕೆಗೆ ಬಂದಿದೆ. ಸೊಂಟಕ್ಕೂ ತೊಡೆಗೂ ಸುತ್ತಿಕೊಂಡ ಈ ಜೀನಿನಲ್ಲಿ ಅವನು ಮರಕ್ಕೆ ಮುಖಮಾಡಿ ಓರೆಯಾಗಿ ನೇತಾಡುತ್ತಾನೆ. ಕಾಲಿಗೆ ಒಂದು ಪುಟ್ಟ ಮೆಟ್ಟಿಲು ಮಾತ್ರ.

ಈ ಏರ್ಪಾಡಿನಲ್ಲಿ ಎರಡು ಹಗ್ಗಗಳಿವೆ. ಹತ್ತುವಾಗ ಕಾಂಡವನ್ನು ಬಳಸಿ ಸೊಂಟದ ಎರಡು ಪಕ್ಕಗಳಿಗೂ ಸೇರುವ ಬಳಸುಹಗ್ಗ ಒಂದು. ಮೇಲೆ ತಲುಪಿದ ತರುವಾಯ ತಲೆಯ ಮಟ್ಟದಲ್ಲಿ ಕಾಂಡಕ್ಕೆ ಬಿಗಿದು ಅದರಿಂದ ನೇತಾಡುವ ಆಧಾರದ ಹಗ್ಗ ಇನ್ನೊಂದು. ಮರದ ದಪ್ಪ ಒಂದೊಂದು ಕಡೆ ಒಂದೊಂದು ತೆರನಾದುದರಿಂದ ಎರಡು ಹಗ್ಗಗಳನ್ನೂ ಮತ್ತೆ ಮತ್ತೆ ಉದ್ದ ಗಿಡ್ಡ ಮಾಡಬೇಕಾಗುತ್ತದೆ. ಬೇಕೆಂದಾಗ ಸರಿಯಬೇಕು, ಭಾರ ಬಿದ್ದಾಗ ಕಚ್ಚಬೇಕು. ಇದು ಆ ಜೋಡಣೆಯಿಂದ ಕೇಳುವ ಕೆಲಸ. ಈ ಕೆಲಸಕ್ಕೆ ಹಳೆಯ ಉಪಾಯ ಗಂಟು. ಆಸ್ಟ್ರಿಯದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ ೧೯೩೧ರಲ್ಲಿ ಪ್ರಕಟಿಸಿದ ಗಂಟು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಹೊಸ ಉಪಾಯ ಲೋಹದ ಹಿಡುಕ. ೧೯೫೮ರಲ್ಲಿ ಸ್ವಿಟ್ಜರ್‌ಲೆಂಡಿನ ಯೂಸಿ ಮತ್ತು ಮಾರ್ಟಿ ಎಂಬ ಇಬ್ಬರು ತಯಾರಿಸಿ ತಮ್ಮ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಹೆಸರಿಟ್ಟ ಜೂಮಾರ್ ಈ ವಂಶದ ಹಿರಿಯ. ಬೇಟೆಗಾರರು ಬಳಸುವ ಹಿಡುಕಗಳು ಅದಕ್ಕಿಂತ ಎಷ್ಟೋ ಚಿಕ್ಕವು, ಅಂಗೈಯಲ್ಲಿ ಅಡಗುವಂಥವು. ಆದರೆ ತತ್ತ್ವ ಒಂದೇ.

ಮೊದಲು ಗಂಟಿನ ತತ್ತ್ವವನ್ನು ನೋಡೋಣ. ಬೆದರಿದ ಎತ್ತಿನ ಹಗ್ಗವನ್ನು ಬರಿಗೈಯಲ್ಲಿ ಹಿಡಿದು ನಿಲ್ಲಿಸಲಾರೆವು. ಅದೇ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿದರೆ ಹುಡುಗನೂ ನಿಲ್ಲಿಸುತ್ತಾನೆ. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಇದರ ಲೆಕ್ಕವನ್ನು ಕಂಡುಹಿಡಿದನು. ಪ್ರತಿಯೊಂದು ಸುತ್ತೂ ಹಿಡಿತವನ್ನು ಕೂಡಿಸುವುದಿಲ್ಲ, ಗುಣಿಸುತ್ತದೆ. ಘರ್ಷಣಾಂಕ ೦.೨೫ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು ೫ರಷ್ಟು, ಮೂರು ಸುತ್ತಿಗೆ ೧೦೦ಕ್ಕೂ ಮೇಲ್ಪಟ್ಟು. ಆದಕಾರಣ ಗಂಟು ಜಾರುತ್ತಿದ್ದರೆ ಇನ್ನೊಂದು ಸುತ್ತು ಹಾಕಿದರಾಯಿತು. ಗಂಟಿಗೂ ಜೋಡಿಯ ನಿಯಮ ಇಲ್ಲದಿಲ್ಲ: ಸುತ್ತುವ ದಾರ ಮುಖ್ಯ ಹಗ್ಗದ ವ್ಯಾಸದಲ್ಲಿ ಶೇಕಡ ೬೦ರಿಂದ ೮೦ರಷ್ಟಿರಬೇಕೆಂಬುದು ಬಳಕೆಯ ಸೂತ್ರ. ಅದಕ್ಕಿಂತ ದಪ್ಪನಾದರೆ ಕಚ್ಚದು, ತೆಳ್ಳಗಾದರೆ ಬಿಗಿದುಕೊಂಡು ಬಿಚ್ಚದು. ಆದರೂ ಗಂಟನ್ನು ಕಟ್ಟುವವನು ಅದರ ಸುತ್ತನ್ನು ಬದಲಾಯಿಸಬಲ್ಲ. ಲೋಹದ ಹಿಡುಕದಲ್ಲಿ ಆ ಸ್ವಾತಂತ್ರ್ಯವಿಲ್ಲ. ಕಾರ್ಖಾನೆಯಲ್ಲಿ ನಿಶ್ಚಯವಾದ ಆಕಾರವೇ ಕೊನೆಯದು.

ಹಿಡುಕದ ರಚನೆ ಸರಳವಾದುದು. ಒಂದು ಬದಿಯಲ್ಲಿ ಅಲುಗಾಡದ ತೊಟ್ಟಿಲಿನಂಥ ಗೋಡೆ, ಇನ್ನೊಂದು ಬದಿಯಲ್ಲಿ ಕೀಲಿನ ಮೇಲೆ ತಿರುಗುವ ಓರೆಮೈಯ ತುಂಡು, ನಡುವೆ ಹಗ್ಗ. ಈ ತುಂಡನ್ನು ಯಂತ್ರಶಾಸ್ತ್ರದಲ್ಲಿ ಕ್ಯಾಮ್ ಎನ್ನುತ್ತಾರೆ. ಹಗ್ಗ ಒಂದು ದಿಕ್ಕಿಗೆ ಸರಿದರೆ ಕ್ಯಾಮು ಹಿಂದಕ್ಕೆ ತಿರುಗಿ ದಾರಿ ಬಿಡುತ್ತದೆ; ಎದುರು ದಿಕ್ಕಿಗೆ ಸರಿಯಹೋದರೆ ಹಗ್ಗವೇ ಕ್ಯಾಮನ್ನು ಎಳೆದುಕೊಂಡು ತನ್ನ ಮೇಲೆ ಒತ್ತಿಸಿಕೊಳ್ಳುತ್ತದೆ. ಎಳೆತ ಹೆಚ್ಚಿದಷ್ಟೂ ಒತ್ತು ಹೆಚ್ಚುತ್ತದೆ. ಬಿಡಿಸಿಕೊಳ್ಳಲು ಎಳೆದಷ್ಟೂ ಬಿಗಿಯಾಗುವ ಉರುಳಿನ ಹಾಗೆ ಇದರ ವರ್ತನೆ.

ಇಲ್ಲಿ ಪಾಠಪುಸ್ತಕ ಓದಿದ ವಾಚಕರಿಗೆ ಒಂದು ಸಂದೇಹ ಬರುವುದುಂಟು. ಘರ್ಷಣೆಯು ಒತ್ತುಬಲಕ್ಕೆ ಅನುಪಾತದಲ್ಲಿರುತ್ತದೆಂದೂ, ಸ್ಪರ್ಶಿಸುವ ಮೈಯ ವಿಸ್ತೀರ್ಣವನ್ನು ಅವಲಂಬಿಸದೆಂದೂ ೧೬೯೯ರಲ್ಲಿಯೇ ಅಮೊಂತೊನ್ ಹೇಳಲಿಲ್ಲವೆ? ಹಾಗಾದರೆ ಹಗ್ಗ ೧೧ ಮಿಲಿಮೀಟರು ಇದ್ದರೇನು, ೮ ಇದ್ದರೇನು? ಪ್ರಶ್ನೆ ಸರಿಯಾದುದೇ. ಉತ್ತರವೂ ಆ ನಿಯಮದಲ್ಲಿಯೇ ಇದೆ. ವಿಸ್ತೀರ್ಣ ಮುಖ್ಯವಲ್ಲದಿದ್ದರೆ ಒತ್ತುಬಲವೇ ಎಲ್ಲವೂ ಆಯಿತು. ಒತ್ತುಬಲವನ್ನು ಹುಟ್ಟಿಸುವುದು ಕ್ಯಾಮಿನ ಕೋನ. ಆ ಕೋನವನ್ನು ನಿರ್ಧರಿಸುವುದು ಹಗ್ಗದ ದಪ್ಪ. ವ್ಯಾಸವು ಹಿಂಬಾಗಿಲಿನಿಂದ ಲೆಕ್ಕದೊಳಕ್ಕೆ ಬರುತ್ತದೆ.

ಕೋನವೆಂದರೆ ಯಾವುದು? ಕೀಲಿನಿಂದ ಹಗ್ಗಕ್ಕೆ ನೇರವಾಗಿ ಒಂದು ಲಂಬವನ್ನು ಎಳೆಯಿರಿ. ಕೀಲಿನಿಂದಲೇ ಕ್ಯಾಮು ಹಗ್ಗವನ್ನು ಮುಟ್ಟುವ ಜಾಗಕ್ಕೆ ಇನ್ನೊಂದು ಗೆರೆಯನ್ನು ಎಳೆಯಿರಿ. ಇವೆರಡರ ನಡುವಣ ಕೋನವನ್ನು ಕಚ್ಚುಕೋನವೆಂದು ಕರೆಯೋಣ. ಇದರ ಟ್ಯಾಂಜೆಂಟು ಘರ್ಷಣಾಂಕಕ್ಕಿಂತ ಕಡಮೆಯಾಗಿದ್ದರೆ ಹಿಡುಕ ಕಚ್ಚುತ್ತದೆ, ಹೆಚ್ಚಾಗಿದ್ದರೆ ಜಾರುತ್ತದೆ. ನೇತಾಡುವವನ ತೂಕ ಈ ಷರತ್ತಿನಲ್ಲಿ ಎಲ್ಲಿಯೂ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಘರ್ಷಣಾಂಕ ೦.೩ ಇರುವ ಹಗ್ಗವನ್ನು ತೆಗೆದುಕೊಂಡರೆ, ೧೪ ಡಿಗ್ರಿಯ ಕೋನಕ್ಕೆ ಟ್ಯಾಂಜೆಂಟು ಸುಮಾರು ೦.೨೫, ಹಿಡುಕ ಕಚ್ಚುತ್ತದೆ. ೨೦ ಡಿಗ್ರಿಯಾದರೆ ೦.೩೬, ಕಚ್ಚುವುದಿಲ್ಲ. ಆರು ಡಿಗ್ರಿಯ ವ್ಯತ್ಯಾಸದಲ್ಲಿ ಹಿಡಿತವೆಂಬುದು ಇದ್ದದ್ದು ಇಲ್ಲವಾಗುತ್ತದೆ. ಕ್ಯಾಮಿಗೆ ಹಲ್ಲುಗಳನ್ನೋ ಗೀರುಗಳನ್ನೋ ಕೊಟ್ಟರೆ ಘರ್ಷಣಾಂಕ ಏರಿದಂತಾಗಿ ಸ್ವಲ್ಪ ಅವಕಾಶ ಸಿಕ್ಕುತ್ತದೆ, ಅಷ್ಟೆ.

ಒತ್ತುಬಲ ಎಷ್ಟೆಂಬುದನ್ನೂ ಇದೇ ಕೋನ ಹೇಳುತ್ತದೆ. ೮೦ ಕಿಲೋಗ್ರಾಮಿನ ಮನುಷ್ಯನ ತೂಕ ಸುಮಾರು ೭೮೫ ನ್ಯೂಟನ್. ಅದರಲ್ಲಿ ಅರ್ಧವನ್ನು ಗೋಡೆಯ ಕಡೆಯ ಘರ್ಷಣೆಯೂ ಅರ್ಧವನ್ನು ಕ್ಯಾಮಿನ ಕಡೆಯ ಘರ್ಷಣೆಯೂ ಹೊತ್ತರೆ, ೧೪ ಡಿಗ್ರಿಯ ಕ್ಯಾಮು ಹಗ್ಗವನ್ನು ಅದರ ನಾಲ್ಕರಷ್ಟು, ಅಂದರೆ ೧೫೭೦ ನ್ಯೂಟನ್ ಬಲದಿಂದ ಒತ್ತುತ್ತದೆ. ಸುಮ್ಮನೆ ನೇತಾಡುವವನ ಹಗ್ಗವೇ ತನ್ನ ಮೇಲೆ ಇಬ್ಬರು ಕೂತಷ್ಟು ಅದುಮಿಸಿಕೊಳ್ಳುತ್ತಿರುತ್ತದೆ.

ಈಗ ದಪ್ಪ ತೆಳುಗಳ ಪರಿಣಾಮ ತಾನಾಗಿಯೇ ಗೋಚರವಾಗುತ್ತದೆ. ಹಗ್ಗ ಮಿತಿಗಿಂತ ದಪ್ಪವಾಗಿದ್ದರೆ ಕ್ಯಾಮು ಸಾಕಷ್ಟು ತಿರುಗುವ ಮುಂಚೆಯೇ ಹಗ್ಗವನ್ನು ಮುಟ್ಟುತ್ತದೆ. ಸಾಮಾನ್ಯ ಆಕಾರದ ಕ್ಯಾಮಿನಲ್ಲಿ ಆಗ ಕಚ್ಚುಕೋನ ದೊಡ್ಡದು. ಹಗ್ಗ ಜಾರಬಹುದು, ಇಲ್ಲವೆ ಸಾಧನದ ಬಾಯಿಯೇ ಪೂರ್ತಿ ಮುಚ್ಚಿಕೊಳ್ಳದಿರಬಹುದು. ಇದು ಕೆಟ್ಟದ್ದೇ, ಆದರೆ ಹಗ್ಗ ತುರುಕಿಕೊಂಡು ಓಡಾಡದಿರುವುದರಿಂದ ಈ ದೋಷ ನೆಲದ ಮೇಲೆಯೇ ಗೊತ್ತಾಗುವ ಸಂಭವ ಹೆಚ್ಚು.

ತೆಳುವಾದ ಹಗ್ಗದ ಅಪಾಯ ಇದಕ್ಕಿಂತ ಕಪಟವಾದುದು. ತೆಳು ಹಗ್ಗವನ್ನು ಮುಟ್ಟಲು ಕ್ಯಾಮು ಬಹುದೂರ ತಿರುಗಿ ತನ್ನ ಹಾದಿಯ ಕೊನೆಯ ಹತ್ತಿರಕ್ಕೆ ಬಂದಿರುತ್ತದೆ. ಅಲ್ಲಿ ಕಚ್ಚುಕೋನ ಚಿಕ್ಕದು. ಹಿಡಿತ ಮೊದಲಿಗಿಂತ ಭದ್ರವೆಂದೇ ತೋರುತ್ತದೆ. ಹಗ್ಗ ಸರಾಗವಾಗಿ ಓಡುತ್ತದೆ, ಕೂತರೆ ನಿಲ್ಲುತ್ತದೆ, ಎಲ್ಲವೂ ಸುಖವಾಗಿದೆ ಎನಿಸುತ್ತದೆ. ಆದರೆ ಹಗ್ಗ ಕಬ್ಬಿಣದ ಸರಳಲ್ಲ. ತಿರುಳಿನ ಎಳೆಗಳು, ಅವುಗಳ ಮೇಲೆ ಹೆಣೆದ ಕವಚ, ನಡುನಡುವೆ ಗಾಳಿ, ಒತ್ತಿದರೆ ಚಪ್ಪಟೆಯಾಗುತ್ತದೆ. ಆಕಸ್ಮಿಕವಾಗಿ ಒಂದು ಜಗ್ಗು ಬಿದ್ದಿತೆನ್ನಿ. ಹಗ್ಗ ಇನ್ನಷ್ಟು ಅದುಮಿಕೊಳ್ಳುತ್ತದೆ; ಕ್ಯಾಮು ಇನ್ನಷ್ಟು ತಿರುಗಿ ತನ್ನ ತಡೆಗೆ ತಾಗುತ್ತದೆ. ಅಲ್ಲಿಂದ ಮುಂದೆ ಎಳೆತ ಎಷ್ಟೇ ಹೆಚ್ಚಿದರೂ ಒತ್ತು ಹೆಚ್ಚಲಾರದು. ಎಳೆದಷ್ಟೂ ಬಿಗಿಯುವ ಗುಣ, ಯಾವುದನ್ನು ನಂಬಿ ಆ ಸಾಧನವನ್ನು ಕೊಂಡಿದ್ದೆವೋ ಆ ಗುಣ, ಅತ್ಯಂತ ಬೇಕಾದ ಕ್ಷಣದಲ್ಲಿ ಮುಗಿದುಹೋಗಿರುತ್ತದೆ. ದಪ್ಪ ಹಗ್ಗ ಮೊದಲ ದಿನವೇ ಜಗಳವಾಡಿ ಎಚ್ಚರಿಸುತ್ತದೆ. ತೆಳು ಹಗ್ಗ ಕಡೆಯ ದಿನದವರೆಗೆ ನಗುತ್ತಿರುತ್ತದೆ.

ಕೋನ ಬದಲಾಗದಂತೆ ಕ್ಯಾಮನ್ನು ಮಾಡಲಾಗದೆ ಎಂದು ಕೇಳಬಹುದು. ಮಾಡಬಹುದು. ಲಘುಗಣಕ ಸುರುಳಿಯೆಂಬ ವಕ್ರರೇಖೆಯ ಆಕಾರವನ್ನು ಕೊಟ್ಟರೆ ಎಲ್ಲ ದಪ್ಪಕ್ಕೂ ಒಂದೇ ಕೋನ ಸಿಕ್ಕುತ್ತದೆ. ಆದರೆ ಸುರುಳಿಗೂ ಒಂದು ಆದಿ, ಒಂದು ಅಂತ್ಯ ಉಂಟು. ಕ್ಯಾಮಿನ ತುಂಡು ಅನಂತವಾಗಿರಲಾರದು. ಆದುದರಿಂದ ಯಾವ ಹಿಡುಕವೇ ಆಗಲಿ ಇಷ್ಟರಿಂದ ಇಷ್ಟರವರೆಗೆ ಎಂಬ ಮಿತಿಗೆ ಒಳಪಟ್ಟೇ ಇರುತ್ತದೆ. ಆ ಮಿತಿ ತಯಾರಕರ ಹಠವಲ್ಲ, ರೇಖಾಗಣಿತದ ತೀರ್ಪು.

ಇಷ್ಟಾದ ಮೇಲೆ ವ್ಯಾಸವೆಂಬ ಅಂಕೆಯಾದರೂ ಸ್ಥಿರವೆ? ಯೂರೋಪಿನ ಮಾನಕಗಳ ಪ್ರಕಾರ ಇಂಥ ಕೆಲಸದ ಹಗ್ಗದ ವ್ಯಾಸವನ್ನು ೧೦ ಕಿಲೋಗ್ರಾಮಿನ ಭಾರ ತೂಗುಹಾಕಿ ಅಳೆಯುತ್ತಾರೆ. ಮನುಷ್ಯ ನೇತಾಡಿದಾಗ ಹಗ್ಗ ಅದಕ್ಕಿಂತ ತೆಳ್ಳಗಾಗುತ್ತದೆ. ಹಳೆಯ ಹಗ್ಗದ ಕವಚ ಉಬ್ಬಿ ನವಿರೆದ್ದು ದಪ್ಪವಾಗುವುದುಂಟು. ನೈಲಾನ್ ನೀರು ಕುಡಿದು ಬದಲಾಗುತ್ತದೆ. ಅಮೆರಿಕದಲ್ಲಿ ಇನ್ನೊಂದು ತೊಡಕು: ಅಲ್ಲಿ ಹಗ್ಗಗಳನ್ನು ಅಂಗುಲದ ಭಾಗಗಳಲ್ಲಿಯೂ ಮಾರುತ್ತಾರೆ, ಹಿಡುಕಗಳ ಮೇಲೆ ಮಿಲಿಮೀಟರು ಕೆತ್ತಿರುತ್ತದೆ. ಅಂಗುಲದ ಹದಿನಾರನೆಯ ಏಳು ಭಾಗವೆಂದರೆ ೧೧.೧ ಮಿಲಿಮೀಟರು, ಅರ್ಧ ಅಂಗುಲವೆಂದರೆ ೧೨.೭. ೧೩ ಮಿಲಿಮೀಟರಿನವರೆಗೆ ಎಂದು ಬರೆದ ಹಿಡುಕದೊಳಗೆ ಅರ್ಧ ಅಂಗುಲದ ಹಗ್ಗ ಲೆಕ್ಕಕ್ಕೆ ಹೊಂದುತ್ತದೆ. ಒಂದು ಋತು ಬಳಸಿ ಉಬ್ಬಿದ ಹಗ್ಗ ಕೈಗೆ ಹೊಂದದಿರಬಹುದು.

ವ್ಯಾಸ ಹೊಂದಿದ ಮಾತ್ರಕ್ಕೆ ಎಲ್ಲವೂ ಹೊಂದಿತೆಂದೂ ಅಲ್ಲ. ಒಂದೇ ದಪ್ಪದ ಎರಡು ಹಗ್ಗಗಳಲ್ಲಿ ಒಂದು ಮೆದುವಾದ ನೈಲಾನ್, ಇನ್ನೊಂದು ಬಿರುಸಾದ ಅರಾಮಿಡ್ ಕವಚದ್ದು ಇರಬಹುದು. ಒಂದು ಅದುಮಿದರೆ ಅರ್ಧವಾಗುತ್ತದೆ, ಇನ್ನೊಂದು ಬಾಗುವುದೇ ಇಲ್ಲ. ಒಂದರ ಕವಚ ಒರಟು, ಇನ್ನೊಂದರದು ನುಣುಪು. ಕರಗುವ ಉಷ್ಣತೆಯೂ ಬೇರೆ ಬೇರೆ: ನೈಲಾನ್ ೨೨೦ ಡಿಗ್ರಿ ಸೆಂಟಿಗ್ರೇಡಿಗೆ ಮೇಲೆ ಕರಗುತ್ತದೆ, ಬಲಿಷ್ಠವೆಂದು ಹೆಸರಾದ ಪಾಲಿಎಥಿಲೀನ್ ನಾರು ೧೫೦ರ ಆಸುಪಾಸಿನಲ್ಲಿಯೇ ಕರಗುತ್ತದೆ. ಜಾರುವ ಹಗ್ಗ ಕಾಯುತ್ತದೆಂಬುದನ್ನು ಅಂಗೈ ಸುಟ್ಟುಕೊಂಡವರಿಗೆ ಹೇಳಬೇಕಾಗಿಲ್ಲ. ಮೇಲಾಗಿ ಜಿಂಕೆಯ ಋತು ಬರುವುದು ಶರತ್ಕಾಲ ಚಳಿಗಾಲಗಳಲ್ಲಿ. ಮುಂಜಾನೆಯ ಹಿಮ ಹಗ್ಗದ ಮೇಲೆ ಗಾಜಿನಂತೆ ಕಟ್ಟಿ ಕ್ಯಾಮಿನ ಗೀರುಗಳನ್ನು ತುಂಬಿದರೆ ಅಂಗಡಿಯಲ್ಲಿ ಕಂಡ ಘರ್ಷಣಾಂಕ ಕಾಡಿನಲ್ಲಿ ಉಳಿಯುವುದಿಲ್ಲ.

ಈ ಮಾತುಗಳು ಇಂದು ಮುಖ್ಯವಾಗಲು ಕಾರಣವುಂಟು. ಜೀನಿನ ಬೇಟೆಗಾರರು ಮೊದಲು ೧೧ ಮಿಲಿಮೀಟರಿನ ಹಗ್ಗವನ್ನೇ ಹೆಚ್ಚಾಗಿ ಬಳಸುತ್ತಿದ್ದರು. ಹೊರೆ ಕಡಮೆಯಾಗಲೆಂದು ಅನೇಕರು ಈಗ ೮ ಮಿಲಿಮೀಟರಿಗೆ ಬಂದಿದ್ದಾರೆ. ಮೂರು ಮಿಲಿಮೀಟರು ಅಲ್ಪವೆಂದು ತೋರುತ್ತದೆ. ಆದರೆ ಕೊಯ್ದ ಮೈಯ ವಿಸ್ತೀರ್ಣ ೯೫ ಚದರ ಮಿಲಿಮೀಟರಿನಿಂದ ೫೦ಕ್ಕೆ ಇಳಿಯುತ್ತದೆ. ಹಗ್ಗ ಹೆಚ್ಚುಕಡಮೆ ಅರ್ಧವಾಯಿತು. ಯೂರೋಪಿನಲ್ಲಿ ಎತ್ತರದ ಕೆಲಸಕ್ಕೆ ಒಪ್ಪಿದ, ಹೆಚ್ಚು ಹಿಗ್ಗದ ಹಗ್ಗಗಳ ಮಾನಕ ೮.೫ ಮಿಲಿಮೀಟರಿನಿಂದ ೧೬ರವರೆಗಿನ ಹಗ್ಗಕ್ಕೆ ಮಾತ್ರ ಅನ್ವಯಿಸುತ್ತದೆ. ೮ ಮಿಲಿಮೀಟರು ಅಲ್ಲಿ ಉಪಯೋಗದ ದಾರಗಳ ಗುಂಪಿಗೆ ಸೇರಿದ್ದು. ಆ ಗುಂಪಿನ ಸೂತ್ರದ ಪ್ರಕಾರ ಅದರ ಕನಿಷ್ಠ ಬಲ ೧೨.೮ ಕಿಲೋನ್ಯೂಟನ್, ದೊಡ್ಡ ಹಗ್ಗಗಳ ಮೊದಲ ದರ್ಜೆಗೆ ಬೇಕಾದುದು ೨೨. ವಿಶೇಷ ನಾರುಗಳಿಂದ ಮಾಡಿದ ೮ ಮಿಲಿಮೀಟರಿನ ಹಗ್ಗ ಇದಕ್ಕಿಂತ ಬಲವಾಗಿರಬಹುದು, ಇದ್ದೇ ಇದೆ. ಆದರೆ ಬಲವಾದ ನಾರು ಹಗ್ಗವನ್ನು ಕಡಿಯದಂತೆ ಉಳಿಸುತ್ತದೆಯೇ ಹೊರತು, ೧೦ ಮಿಲಿಮೀಟರಿನಿಂದ ಆರಂಭವಾಗುವ ಹಿಡುಕವನ್ನು ೮ಕ್ಕೆ ಇಳಿಸಲಾರದು.

ಇಷ್ಟೆಲ್ಲ ಅಪಾಯಕ್ಕೆ ಒಡ್ಡಿಕೊಂಡು ಗಳಿಸುವುದೆಷ್ಟು? ೧೧ ಮಿಲಿಮೀಟರಿನ ಹಗ್ಗ ಮೀಟರಿಗೆ ಸುಮಾರು ೮೦ ಗ್ರಾಮು ತೂಗುತ್ತದೆ, ೮ ಮಿಲಿಮೀಟರಿನದು ಸುಮಾರು ಅದರ ಅರ್ಧ. ಬಳಸುಹಗ್ಗ, ಆಧಾರದ ಹಗ್ಗ ಎರಡೂ ಕೂಡಿ ಐದು ಮೀಟರೆಂದರೆ ಉಳಿತಾಯ ಸುಮಾರು ೨೦೦ ಗ್ರಾಮು. ಒಂದು ಲೋಟ ನೀರಿನ ತೂಕ. ಹಗುರವಾಗಬೇಕೆಂಬ ಆಸೆಯನ್ನು ನಾವು ಹಳಿಯುವುದಿಲ್ಲ. ಕತ್ತಲೆಯಲ್ಲಿ ಮೈಲಿಗಟ್ಟಲೆ ನಡೆಯುವವನಿಗೆ ಒಂದೊಂದು ಗ್ರಾಮೂ ಭಾರವೇ. ತೆಳು ಹಗ್ಗವನ್ನು ಬಳಸುವುದಾದರೆ ತೆಳು ಹಗ್ಗಕ್ಕೆಂದೇ ಮಾಡಿದ ಹಿಡುಕವನ್ನು ಬಳಸಲಿ ಎಂಬುದಷ್ಟೇ ನಮ್ಮ ಮಾತು. ಹಗ್ಗವನ್ನು ಬದಲಾಯಿಸಿ ಹಳೆಯ ಹಿಡುಕವನ್ನೇ ಇಟ್ಟುಕೊಳ್ಳುವ ಅರ್ಧ ಮಿತವ್ಯಯವೇ ತೊಂದರೆಯ ಮೂಲ.

ಒಂದು ಋತುವೆಲ್ಲ ಅದರಲ್ಲಿ ಕೂತಿದ್ದೇನೆ, ಒಮ್ಮೆಯೂ ಜಾರಲಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ. ಈ ಉತ್ತರದಲ್ಲಿ ಸುಳ್ಳಿಲ್ಲ, ಸಮಾಧಾನವೂ ಇಲ್ಲ. ಕೂತವನು ಹಗ್ಗದಿಂದ ಕೇಳಿದ್ದು ತನ್ನ ತೂಕ, ೦.೮ ಕಿಲೋನ್ಯೂಟನ್ ಮಾತ್ರ. ಅವನು ಒಂದು ದಿನ ಮೆಟ್ಟಿಲಿನ ಮೇಲೆ ಎದ್ದುನಿಂತು, ಹಗ್ಗದಲ್ಲಿ ಸಡಿಲ ಬಿಟ್ಟು, ಕಾಲು ಜಾರಿ ೬೦ ಸೆಂಟಿಮೀಟರು ಬಿದ್ದನೆಂದು ಭಾವಿಸೋಣ. ಹೆಚ್ಚು ಹಿಗ್ಗದ ಹಗ್ಗ ೧೦ ಸೆಂಟಿಮೀಟರಿನಲ್ಲಿ ಅವನನ್ನು ನಿಲ್ಲಿಸಿತೆಂದರೆ ಅಷ್ಟು ಹೊತ್ತಿನ ಸರಾಸರಿ ಬಲ ಅವನ ತೂಕದ ೭ರಷ್ಟು, ಅಂದರೆ ೫.೫ ಕಿಲೋನ್ಯೂಟನ್. ಹಗ್ಗದ ಹಿಡುಕಗಳ ಯೂರೋಪಿನ ಮಾನಕ ಕೇಳುವ ಪರೀಕ್ಷಾಬಲವೇ ೪ ಕಿಲೋನ್ಯೂಟನ್. ಹಲ್ಲುಳ್ಳ ಕ್ಯಾಮುಗಳು ೪ರಿಂದ ೬ ಕಿಲೋನ್ಯೂಟನ್ನಿನ ಸುಮಾರಿನಲ್ಲಿ ಹಗ್ಗದ ಕವಚವನ್ನೇ ಹರಿದುಬಿಡುವುದುಂಟು. ಅಲ್ಲದೆ ನಾರಿನ ವಸ್ತುಗಳು ಅಮೊಂತೊನ್ನನ ನಿಯಮವನ್ನು ಪೂರ್ತಿಯಾಗಿ ಪಾಲಿಸುವುದಿಲ್ಲ. ಒತ್ತು ಇಮ್ಮಡಿಯಾದರೆ ಘರ್ಷಣೆ ಇಮ್ಮಡಿಗಿಂತ ಕೊಂಚ ಕಡಮೆಯಾಗುತ್ತದೆ. ಕೂತಾಗ ಕಚ್ಚಿದ್ದು ಬಿದ್ದಾಗಲೂ ಕಚ್ಚುತ್ತದೆಂದು ಹೇಳಲು ಈ ಎಲ್ಲ ಕಾರಣಗಳಿಂದ ಆಧಾರವಿಲ್ಲ. ನೂರು ದಿನ ಕೂತ ಅನುಭವ ಕೂರುವುದರ ಬಗ್ಗೆ ಸಾಕ್ಷಿ ಹೇಳುತ್ತದೆ, ಬೀಳುವುದರ ಬಗ್ಗೆ ಹೇಳುವುದಿಲ್ಲ.

ಹಾಗಾದರೆ ಹಿಡುಕಗಳನ್ನು ಬಿಟ್ಟು ಎಲ್ಲರೂ ಗಂಟಿಗೆ ಮರಳಬೇಕೆ? ಗಂಟಿನ ಪರವಾಗಿ ಹೇಳತಕ್ಕ ಮಾತು ಬಹಳವಿದೆ: ಅಗ್ಗ, ಹಗುರ, ಹಗ್ಗವನ್ನು ಕಚ್ಚಿ ಹರಿಯುವುದಿಲ್ಲ. ಆದರೆ ಚಳಿಗೆ ಮರಗಟ್ಟಿದ ಬೆರಳುಗಳಿಂದ ಬಿಗಿದುಕೊಂಡ ಗಂಟನ್ನು ಸಡಿಲಿಸುವುದು ಕಷ್ಟ. ಮರ ಹತ್ತುವವನ ಒಂದು ಕೈ ಮರದ ಮೇಲೆಯೇ ಇರುತ್ತದೆ. ಒಂದೇ ಕೈಯಿಂದ ಸರಿಯುವ ಸಾಧನ ಹಗ್ಗವನ್ನು ಬಿಗಿಯಾಗಿ ಇಟ್ಟುಕೊಳ್ಳುವ ಅಭ್ಯಾಸಕ್ಕೆ ಸಹಾಯಕ, ಬಿಗಿಯಾದ ಹಗ್ಗವೇ ಪತನಕ್ಕೆ ಮೊದಲ ಮದ್ದು. ಅಲ್ಲದೆ ೮ ಮಿಲಿಮೀಟರಿನ ಹಗ್ಗಕ್ಕೆ ಗಂಟು ಹಾಕಲು ೫ ಅಥವಾ ೬ ಮಿಲಿಮೀಟರಿನ ದಾರವೇ ಬೇಕು. ಉಪಯೋಗದ ದಾರಗಳ ಸೂತ್ರದಂತೆ ೫ ಮಿಲಿಮೀಟರಿನ ಒಂದು ಎಳೆಯ ಬಲ ೫ ಕಿಲೋನ್ಯೂಟನ್ ಮಾತ್ರ. ಹಗ್ಗ ತೆಳುವಾದರೆ ಗಂಟಿನ ದಾರವೂ ತೆಳುವಾಗಲೇಬೇಕು. ಆದುದರಿಂದ ಗಂಟೊ ಹಿಡುಕವೊ ಎಂಬುದು ಮೂಲ ಪ್ರಶ್ನೆಯಲ್ಲ. ಜೋಡಿ ಹೊಂದಿದೆಯೊ ಇಲ್ಲವೊ ಎಂಬುದೇ ಪ್ರಶ್ನೆ.

ತಯಾರಕರಿಂದ ನಾವು ಕೇಳುವುದು ಅಸಾಧ್ಯವಾದುದೇನಲ್ಲ. ಯೂರೋಪಿನಲ್ಲಿ ಕಟ್ಟಡ ಕೆಲಸಗಾರರ ಪತನವನ್ನು ತಡೆಯುವ, ಹಗ್ಗದ ಮೇಲೆ ಓಡುವ ಸಾಧನಗಳಿಗೆ ಒಂದು ಮಾನಕವಿದೆ. ಅದರ ಶೀರ್ಷಿಕೆಯಲ್ಲಿಯೇ ಆಧಾರದ ಹಗ್ಗವೂ ಸೇರಿದೆ. ಅಲ್ಲಿ ಸಾಧನ ಬೇರೆ ಹಗ್ಗ ಬೇರೆ ಎಂದು ಎಣಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಪರೀಕ್ಷಿಸಿ ಒಟ್ಟಿಗೆ ಒಪ್ಪುತ್ತಾರೆ. ಬಂಡೆ ಹತ್ತುವವರ ಲೋಕದಲ್ಲಿಯೂ ಒಂದು ಒಳ್ಳೆಯ ನಿದರ್ಶನವುಂಟು. ಫ್ರಾನ್ಸಿನ ಪೆಟ್ಜಲ್ ಸಂಸ್ಥೆ ೧೯೯೧ರಲ್ಲಿ ಗ್ರಿಗ್ರಿ ಎಂಬ ಕ್ಯಾಮಿನ ಸಾಧನವನ್ನು ತಂದಾಗ ಅದು ಅಂದಿನ ೧೦–೧೧ ಮಿಲಿಮೀಟರಿನ ಹಗ್ಗಗಳಿಗೆ ಹೊಂದುವಂತಿತ್ತು. ಹಗ್ಗಗಳು ತೆಳ್ಳಗಾಗುತ್ತ ಬಂದವು. ೨೦೧೧ರಲ್ಲಿ ಬಂದ ಎರಡನೆಯ ಗ್ರಿಗ್ರಿ ೮.೯ರಿಂದ ೧೧ ಮಿಲಿಮೀಟರಿಗೆ ಹೊಂದುವಂತೆ ಹೊಸದಾಗಿ ರೂಪುಗೊಂಡಿತು. ಹಗ್ಗ ಬದಲಾದರೆ ಸಾಧನ ಬದಲಾಗಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಒಪ್ಪಿಗೆ ಬೇಕೆ?

ಈ ವಿಷಯ ಅಮೆರಿಕದ ಕಾಡಿಗೆ ಮಾತ್ರ ಸೇರಿದ್ದೆಂದು ನಮ್ಮ ವಾಚಕರು ತಿಳಿಯಬಾರದು. ನಮ್ಮ ಪಟ್ಟಣಗಳ ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವರು, ಗಾಜು ಒರೆಸುವವರು ಇಂಥವೇ ಹಿಡುಕಗಳನ್ನು ನಂಬಿ ಇಳಿಯುತ್ತಾರೆ. ನಮ್ಮ ದೇಶದ ಅಂಗಡಿಗಳಲ್ಲಿ ದೊರೆಯುವ ಕಟ್ಟಡಕೆಲಸದ ಹಿಡುಕಗಳಲ್ಲಿ ೧೪–೧೬ ಮಿಲಿಮೀಟರು ಎಂಬ ಗುರುತುಳ್ಳವು ಸಾಮಾನ್ಯ. ಅವು ಹುರಿ ಹೊಸೆದ ದಪ್ಪ ಹಗ್ಗಕ್ಕೆ ಮಾಡಿದವು. ಅಂಥದರೊಳಗೆ ೧೧ ಅಥವಾ ೧೨ ಮಿಲಿಮೀಟರಿನ ಹಗ್ಗವನ್ನು ಪೋಣಿಸಿದರೆ ಏನಾಗಬಹುದೆಂದು ಇಲ್ಲಿಯವರೆಗೆ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಲೆನಾಡಿನ ತೋಟಗಳಲ್ಲಿ ಮಳೆಗೆ ನೆನೆದ ಅಡಕೆಮರವನ್ನೇರುವ ಕೊನೆಗಾರನಿಗೆ ಸುರಕ್ಷೆಯ ಪಟ್ಟಿಯನ್ನೂ ಹಗ್ಗವನ್ನೂ ಕೊಡಿಸಬೇಕೆಂದು ಹೇಳುವವರು ಈಗ ಇದ್ದಾರೆ. ಅದು ಒಳ್ಳೆಯ ಮಾತು. ಆದರೆ ಪಟ್ಟಿ ಒಂದು ಅಂಗಡಿಯಲ್ಲಿ, ಹಗ್ಗ ಇನ್ನೊಂದರಲ್ಲಿ, ಹಿಡುಕ ಮತ್ತೊಂದರಲ್ಲಿ ಅಗ್ಗವಾಗಿ ಸಿಕ್ಕಿದ್ದನ್ನು ತಂದು ಕೂಡಿಸಿದರೆ ಸುರಕ್ಷೆಯ ಹೆಸರು ಬಂದೀತು, ಸುರಕ್ಷೆ ಬಾರದು. ಬೇಟೆಗಾರನು ತನ್ನ ಸಾಮಾನನ್ನು ತಾನೇ ಆರಿಸುತ್ತಾನೆ. ನಮ್ಮ ಕೂಲಿಗಾರನಿಗೆ ಬೇರೆಯವರು ಆರಿಸಿ ಕೊಡುತ್ತಾರೆ. ಆರಿಸುವವನು ನೆಲದ ಮೇಲೆ ನಿಂತಿರುವಾಗ ಅವನ ಜವಾಬ್ದಾರಿ ಕಡಮೆಯಾಗುವುದಿಲ್ಲ, ಹೆಚ್ಚುತ್ತದೆ.

ಮಾಡಬೇಕಾದುದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬಹುದು. ಹಿಡುಕದ ಮೈಮೇಲೆ ಕೆತ್ತಿದ ವ್ಯಾಸದ ಮಿತಿಯನ್ನು ಮೊದಲು ಓದಬೇಕು. ಮಿತಿಯನ್ನು ಕೆತ್ತದ ಹಿಡುಕವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಹಗ್ಗವನ್ನು ಆ ಮಿತಿಯ ನಡುಭಾಗಕ್ಕೆ ಹೊಂದುವಂತೆ ಆರಿಸಬೇಕೇ ಹೊರತು ಅಂಚಿಗಲ್ಲ. ಹಗ್ಗದ ಬಗೆಯನ್ನೂ ತಯಾರಕರು ಒಪ್ಪಿರಬೇಕು. ಹೊಸ ಜೋಡಿಯನ್ನು ಮೊದಲು ಮೊಣಕಾಲಿನ ಎತ್ತರದಲ್ಲಿ, ಒಣಗಿದಾಗ ಒಮ್ಮೆ, ನೆನೆದಾಗ ಒಮ್ಮೆ, ಪೂರ್ಣ ಭಾರ ಬಿಟ್ಟು ನೋಡಬೇಕು. ಅಲ್ಲಿ ಜಾರಿದ್ದು ಖಂಡಿತ ನಿಷ್ಪ್ರಯೋಜಕ; ಅಲ್ಲಿ ಜಾರದ್ದು ಮಿತಿಯ ಒಳಗಿದ್ದರೆ ಮಾತ್ರ ನಂಬಿಕೆಗೆ ಅರ್ಹ. ಕೊನೆಯದಾಗಿ, ಹಗ್ಗದ ತುದಿಗೆ ಹಿಡುಕ ಕಳಚಿಹೋಗದಂತೆ ಒಂದು ದಪ್ಪ ಗಂಟನ್ನು ಹಾಕಿ, ನೇತಾಡುವಾಗ ಹಗ್ಗದಲ್ಲಿ ಎಂದಿಗೂ ಸಡಿಲ ಬಿಡಬಾರದು.

ಅಧ್ಯಾಪಕರಾದ ನಮಗೂ ಇದರಲ್ಲಿ ಒಂದು ಪಾಲು ಇದೆ. ಘರ್ಷಣಾಂಕವನ್ನು ನಾವು ತರಗತಿಯಲ್ಲಿ ಒಂದು ವಸ್ತುವಿನ ಹೆಸರಿನ ಮುಂದೆ ಬರೆಯುವ ಅಂಕೆಯಂತೆ ಕಲಿಸುವುದುಂಟು. ಅದು ಯಾವಾಗಲೂ ಎರಡು ಮೈಗಳ ನಡುವಣ ಅಂಕೆ. ಎರಡರಲ್ಲಿ ಯಾವುದೊಂದು ಬದಲಾದರೂ ಅಂಕೆ ಬದಲಾಗುತ್ತದೆ. ಇದನ್ನು ಒಮ್ಮೆ ಚೆನ್ನಾಗಿ ತಿಳಿದ ವಿದ್ಯಾರ್ಥಿ ಮುಂದೆ ಗುತ್ತಿಗೆದಾರನಾಗಲಿ, ತೋಟದ ಒಡೆಯನಾಗಲಿ, ತಾನೇ ಹಗ್ಗದ ಮೇಲೆ ನೇತಾಡುವವನಾಗಲಿ, ಹಗ್ಗ ಗಟ್ಟಿಯೆ ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಯಾವ ಹಿಡುಕಕ್ಕೆ ಎಂದೂ ಕೇಳುತ್ತಾನೆ. ಆ ಎರಡನೆಯ ಪ್ರಶ್ನೆಗೆ ತಗಲುವ ವೆಚ್ಚ ಏನೂ ಇಲ್ಲ, ಕೇಳದಿದ್ದರೆ ತೆರಬೇಕಾದುದು ಒಂದು ಜೀವ.